ದಿನಕ್ಕೊಂದು ತಪ್ಪು

ಗ್ರೋನಿಂಗನ್ನಿನ ಆ ಪತ್ರಿಕಾ ಕಚೇರಿಯಲ್ಲಿ ಕರಡು ತಿದ್ದುವವರು ಅಚ್ಚುಮೊಳೆ ಜೋಡಿಸುವ ಕೋಣೆಗೆ ಸುಮ್ಮನೆ ಕಾಲಿಡುವಂತಿರಲಿಲ್ಲ. ಸಾಲಿನ ಕೊನೆಯಲ್ಲಿ ಉದ್ದದ ಪದವೊಂದು ತಪ್ಪಾಗಿ ಮುರಿದಿದ್ದರೆ ಮಾತ್ರ ಹೋಗಬೇಕು; ಜೋಡಿಸಿದವರ ಪಕ್ಕ ನಿಂತು, ಮೇಜು ತಟ್ಟುತ್ತಾ, ತುಂಡು ತುಂಡಾಗಿ ಓದಿ ತೋರಿಸಬೇಕು. ನಮ್ಮ ಡಚ್ ಪದಗಳೋ ರೈಲುಬೋಗಿಗಳಿದ್ದ ಹಾಗೆ, ಕೊಂಡಿ ಇರುವಲ್ಲೇ ಬಿಡಿಸಬೇಕು.

ಮೊಳೆ ಜೋಡಿಸುವ ಫೆನ್ನಾ ದಿನಕ್ಕೊಂದು ಪದವನ್ನು ತಪ್ಪಾಗಿ ಮುರಿಯುತ್ತಿದ್ದಳು. ಒಂದೇ ಒಂದು. ಹತ್ತು ಗಂಟೆಯ ಕಾಫಿ ಹೊತ್ತಿಗೆ ಕರಡು ತಿದ್ದುವ ಹಾರ್ಮನ್ ಆ ಹಾಳೆ ಹಿಡಿದು ಅವಳ ಬಳಿ ಹೋಗುತ್ತಿದ್ದ.

"ಬ್ರಾನ್-ಡ್ವೇರ್‌ವಾಗನ್ ಅಲ್ಲ ಫೆನ್ನಾ. ಬ್ರಾಂಡ್-ವೇರ್-ವಾ-ಗನ್. ಬೆಂಕಿ ಆರಿಸೋ ಗಾಡೀನ ಹೀಗೆ ಕಡಿದ್ರೆ ಊರೇ ಉರಿದುಹೋಗುತ್ತೆ."

"ಉರೀಲಿ ಬಿಡಿ," ಎನ್ನುತ್ತಾ ಅವಳು ಅವನ ಬೆರಳಿನ ಪಕ್ಕದಲ್ಲೇ ಬೆರಳಿಟ್ಟು ತಟ್ಟುವಳು. "ಇನ್ನೊಂದ್ಸಲ ಹೇಳಿಕೊಡಿ. ನಂಗೆ ತಲೆಗೇ ಹತ್ತಲ್ಲ."

ಶಾಯಿ ಮೆತ್ತಿದ ಆ ಕಿರುಬೆರಳನ್ನು ನೋಡುತ್ತಾ ಅವನು ಮತ್ತೆ ಹೇಳುತ್ತಿದ್ದ. ಮೂರು ವರ್ಷ ಹೀಗೇ ಕಳೆಯಿತು. ಹೇಳಬೇಕಾದ ಮಾತು ಮಾತ್ರ ನಾಲಿಗೆಯ ತುದಿಯಲ್ಲೇ ಉಳಿಯಿತು.

ಆ ಚಳಿಗಾಲದಲ್ಲಿ ಹೊಸ ಯಂತ್ರ ಬಂತು. ಜೋಡಿಸುವ ಮೂವರಲ್ಲಿ ಒಬ್ಬರನ್ನು ಬಿಡಬೇಕು, ಯಾರ ತಪ್ಪು ಎಷ್ಟು ಎಂದು ಯಜಮಾನರು ಹಾರ್ಮನ್‌ನಿಂದ ಪಟ್ಟಿ ಕೇಳಿದರು. ಸುಳ್ಳು ಬರೆಯುವುದು ಅವನ ವಂಶದಲ್ಲೇ ಇರಲಿಲ್ಲ. ದಿನಕ್ಕೊಂದು ತಪ್ಪಿಗೆ ಯಾರು ತಾನೇ ಕೆಲಸದಿಂದ ತೆಗೆಯುತ್ತಾರೆ ಎಂದುಕೊಂಡು, ಪುಣ್ಯಾತ್ಮ, ಇಡೀ ವರ್ಷದ ಕರಡುಗಳನ್ನು ತೆಗೆದು ತಾರೀಖು ಸಮೇತ ಬರೆದುಕೊಟ್ಟ. ತೆಗೆದರು.

ಬಿಟ್ಟುಹೋಗುವವರೇ ಎಲ್ಲರಿಗೂ ಕೇಕ್ ಹಂಚುವುದು ಅಲ್ಲಿನ ವಾಡಿಕೆ. ಕೊನೆಯ ದಿನ ಫೆನ್ನಾ ಸೇಬಿನ ಕೇಕ್ ತಂದಳು. ಹಾರ್ಮನ್‌ನ ತಟ್ಟೆಯ ಪಕ್ಕದಲ್ಲಿ, ಯಜಮಾನರು ಅವಳ ಕೈಗೆ ಕೊಟ್ಟಿದ್ದ ಆ ಪಟ್ಟಿಯನ್ನೂ ಇಟ್ಟಳು.

"ಜುಲೈ ನೋಡಿ," ಎಂದಳು. "ನೀವು ಮೂರು ವಾರ ರಜೆ ಹೋಗಿದ್ರಿ. ನಿಮ್ಮ ಬದಲಿಗೆ ಬಂದವರಿಗೆ ನನ್ನದು ಒಂದಾದ್ರೂ ತಪ್ಪು ಸಿಕ್ತಾ?"

ಒಂದೂ ಇರಲಿಲ್ಲ. ಅವನೇ ಬರೆದ ಪಟ್ಟಿ, ಅವನದೇ ಅಕ್ಷರ. ಹೋಗಬೇಡಿ, ಮದುವೆಯಾಗೋಣ, ಯಜಮಾನರ ಕಾಲಿಗಾದರೂ ಬೀಳುತ್ತೇನೆ ಎಂದು ಮೂರು ವರ್ಷದ ಮಾತನ್ನೆಲ್ಲ ಅವನು ಒಂದೇ ಉಸಿರಿಗೆ ಹೇಳಿಬಿಟ್ಟ.

ಅವಳ ಕಣ್ಣು ತುಂಬಿತ್ತು. "ಕೆಲಸ ಹೋಯ್ತು ಅಂತಲ್ಲ ಹಾರ್ಮನ್. ನಾನು ದಿನಾ ನಿಮ್ಮನ್ನ ಕರೆದೆ. ನೀವು ಅದನ್ನ ಎಣಿಸಿ ಬರೆದುಕೊಟ್ರಿ."

ಅಕ್ಕನಿರುವ ರಾಟರ್‌ಡ್ಯಾಮಿಗೆ ಅವಳು ಸಂಜೆಯ ರೈಲು ಹತ್ತಿದಳು. ಅವನು ಬರೆದ ಕಾಗದಗಳಿಗೆ ಉತ್ತರ ಬರಲಿಲ್ಲ.

ಈಗಲೂ ಹತ್ತು ಗಂಟೆಗೆ ಕರಡು ಬರುತ್ತದೆ. ಹಾರ್ಮನ್ ಪ್ರತಿ ಸಾಲಿನ ಕೊನೆಗೂ ಬೆರಳಿಟ್ಟು ಹುಡುಕುತ್ತಾನೆ. ಉಳಿದ ಇಬ್ಬರೂ ಕೆಲಸದಲ್ಲಿ ಗಟ್ಟಿಗರು. ಒಂದು ತಪ್ಪೂ ಸಿಗುವುದಿಲ್ಲ.