ಇಲ್ಲದ ಹಕಾರ

"ಹರಸೀ... ನಿನ್ನ ಹರಸಿ ಬಂದೆ!"

ಗಂಟಲಿಗೆ ಒದ್ದೆ ಬಟ್ಟೆ ಸುತ್ತಿಕೊಂಡು, ಕಣ್ಣು ಮುಚ್ಚಿ ಕೂತಿದ್ದ ಮಂಗಳಾ ಕಣ್ಣು ಬಿಟ್ಟಳು.

ಎದುರಿಗೆ ಒಬ್ಬ ನಿಂತಿದ್ದ. ಮೊಣಕಾಲಿನವರೆಗೆ ಎತ್ತಿ ಕಟ್ಟಿದ ಪಂಚೆ, ತೋಳಿನ ತುಂಬ ಕಬ್ಬಿನ ಗರಿ ಗೀರಿದ ಗಾಯ, ಸೊಂಟದಲ್ಲಿ ಬಾರುಕೋಲು. ಇವನಾ ನಾಟಕದ ಹೊಸ ರಾಜ?

"ಅಲ್ಲಿ 'ಹ' ಇಲ್ಲ," ಅಂದಳು ಮಂಗಳಾ. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟು ಮಾಡುವಷ್ಟು ತ್ರಾಣವೂ ಇರಲಿಲ್ಲ. "ಅರಸಿ ಅಂದ್ರೆ ರಾಣಿ. ಅರಸಿ ಬಂದೆ ಅಂದ್ರೆ ಹುಡುಕಿಕೊಂಡು ಬಂದೆ. ನೀವು 'ಹ' ಹಾಕಿದ್ರೆ ಆಶೀರ್ವಾದ ಮಾಡೋಕೆ ಬಂದ ಹಾಗಾಗುತ್ತೆ."

ಅವನು ತಲೆ ಕೆರೆದುಕೊಂಡ. "ನಾವು ಅಳ್ಳಿಯೋರು 'ಹ' ನುಂಗ್ತೀವಿ ಅಂತ ಸಾಹೇಬ್ರು ಬಯ್ದ್ರು ಕಣಮ್ಮ. ಯಾವುದಕ್ಕೂ ಇರ್ಲಿ ಅಂತ ಎಲ್ಲಾ ಕಡೇಗೂ ಒಂದೊಂದು ಆಕ್ಬುಟ್ಟೆ."

ಹಾರ್ಮೋನಿಯಂ ಮುಂದೆ ಕೂತಿದ್ದ ದಸ್ತಗೀರ್ ಸಾಹೇಬರು ಗಡ್ಡದೊಳಗೇ ನಕ್ಕರು. ಮಂಗಳಾ ನಗಲಿಲ್ಲ. ಆದರೆ ಅವಳ ಕಣ್ಣು ಆ ತೋಳಿನ ಗೀರುಗಳ ಮೇಲೆ ಯಾಕೋ ಒಂದು ಗಳಿಗೆ ನಿಂತಿತು.

ಯುದ್ಧದ ಕಾಲ ಅದು. ಡೇರೆಗೆ ಬಟ್ಟೆ ಸಿಗದು, ಸೀಮೆಎಣ್ಣೆಗೆ ರೇಷನ್ನು. ಹಾಗಾಗಿ ದಸ್ತಗೀರ್ ಸಾಹೇಬರ ಬೇಸಿಗೆ ನಾಟಕ ಕಂಪನಿಗೆ ಆಕಾಶವೇ ಡೇರೆ, ಕೊಯ್ಲಾದ ಗದ್ದೆಯೇ ರಂಗ. ಹೊತ್ತು ಇಳಿಯುವಾಗ ಶುರುವಾದ ಆಟಕ್ಕೆ, ದೀಪದ ಎಣ್ಣೆ ತೀರುವುದರೊಳಗೆ ಕೊನೆಯ ಮಂಗಳಗೀತೆ ಹಾಡಿ ಮುಗಿಸಬೇಕು. ಭರಣಿ ಮಳೆ ಬಿದ್ದ ದಿನ ಗಂಟುಮೂಟೆ ಕಟ್ಟಬೇಕು. ಮಳವಳ್ಳಿಯಲ್ಲಿ ರಾಜನ ಪಾತ್ರದವನು ಜ್ವರ ಬಂದು ಊರಿಗೆ ಹೋಗಿದ್ದ. ಮದ್ದೂರಿನ ಶಿಂಷಾ ದಂಡೆಯಲ್ಲಿ ಗಾಡಿ ಹೊಡೆಯುತ್ತ ಪದ ಹೇಳುತ್ತಿದ್ದ ಮುದ್ದಯ್ಯನ ಕಂಠ ಕೇಳಿ, ಸಾಹೇಬರು ಅವನನ್ನೇ ಹಿಡಿದು ತಂದಿದ್ದರು.

ಮಂಗಳಾ ಹುಟ್ಟಿದ್ದೇ ಕಂಪನಿಯಲ್ಲಿ. ಅವಳಿಗೆ ಹಾಡು ಕಲಿಸಿದ ತಾಯಿ ತೀರಿಕೊಂಡಿದ್ದೂ ಯಾವುದೋ ಊರಿನ ಬಯಲಿನಲ್ಲೇ. ಬಯಲಲ್ಲಿ ಹಾಡುವುದೆಂದರೆ ಗಾಳಿಯ ಸಂಗಡ ಜಗಳ. ಗೋಡೆಯಿಲ್ಲ, ಹಾಡಿದ ದನಿ ತಿರುಗಿ ಬರುವುದಿಲ್ಲ. ಹೋದದ್ದು ಹೋಯಿತು. ಅವಳ ಆಯುಸ್ಸೂ ಹಾಗೇ ಹೋಗುತ್ತಿತ್ತು.

*ದೇವರೇ, ಒಂದು ಗೋಡೆ ಕೊಡಪ್ಪ... ಒರಗಿಕೊಳ್ಳೋಕೆ.* ದಿನಾ ದೀಪ ಹಚ್ಚುವಾಗ ಅವಳು ಬೇಡುತ್ತಿದ್ದುದು ಇಷ್ಟೇ.

ಮೊದಲ ದಿನ ರಂಗದ ಮೇಲೆ ಮುದ್ದಯ್ಯ ಮತ್ತೆ "ಹರಸಿ ಬಂದೆ" ಅಂದುಬಿಟ್ಟ. ಮುಂದೆ ಕೂತಿದ್ದವನೊಬ್ಬ ಕೂಗಿದ: "ಅಕ್ಸತೆ ತಂದಿದ್ದೀಯೇನ್ಲಾ ಮುದ್ದಯ್ಯ?"

ಬಯಲಿಗೆ ಬಯಲೇ ನಕ್ಕಿತು. ಕಾಡುಪಾಲಾದ ರಾಣಿಯಾಗಿ ಅಳಬೇಕಿದ್ದ ಮಂಗಳಾ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಎಷ್ಟು ವರ್ಷವಾಗಿತ್ತು ಅವಳು ಹೀಗೆ ನಕ್ಕು...

ಮಾರನೆಯ ದಿನ ಮುದ್ದಯ್ಯ ಆಲೆಮನೆಯ ಹೊಸ ಬೆಲ್ಲ, ಕಾಳುಮೆಣಸು ತಂದ. "ಗಂಟ್ಲಿಗೆ ಒಳ್ಳೇದು, ತಗೊಳ್ಳಿ." ಅದರ ಮರುದಿನವೂ ತಂದ. ಅಭ್ಯಾಸದಲ್ಲಿ ಮಾತು ಸರಿಯಾಗಿಯೇ ಹೇಳುತ್ತಿದ್ದ. ಬಣ್ಣ ಹಚ್ಚಿ ಎದುರು ನಿಂತರೆ ಮಾತ್ರ ಆ 'ಹ' ಬಂದೇ ಬರುತ್ತಿತ್ತು.

"ಬೇಕಂತಲೇ ಮಾಡ್ತೀರಾ?" ಒಂದು ಸಂಜೆ ಕೇಳಿದಳು.

"ಇಲ್ಲ ಕಣಮ್ಮ." ಅವನು ನೆಲ ನೋಡಿದ. "ನಿಮ್ಮ ಮಕ ನೋಡ್ದೇಟ್ಗೆ ಉಸ್ರು ಮೇಲಕ್ ಬತ್ತದೆ. ಅದೇ 'ಹ' ಆಗ್ಬುಡ್ತದೆ."

ಆ ದಿನ ಅವಳ ಹಾಡು ನದಿಯ ಆಚೆ ದಡಕ್ಕೂ ಕೇಳಿಸಿತಂತೆ.

ಮೈಸೂರಿನ ಒಂದು ಕಂಪನಿಯವರು ಅವಳನ್ನು ಕರೆದಿದ್ದರು. ಹೋಗುವುದೋ ಬಿಡುವುದೋ ಮಳೆ ಬರುವುದರೊಳಗೆ ಹೇಳಬೇಕಿತ್ತು. *ಅಷ್ಟರಲ್ಲಿ ಮುದ್ದಯ್ಯನವರು ಒಂದು ಮಾತು ಆಡಿದರೆ... ಒಂದೇ ಒಂದು ಮಾತು...*

ಮದ್ದೂರಿನ ಆಟ ಮುಗಿದ ಮೇಲೆ ಮುದ್ದಯ್ಯನ ತಾಯಿ ಬೆಟ್ಟಮ್ಮ ಕಂಪನಿಯವರನ್ನೆಲ್ಲ ಊಟಕ್ಕೆ ಕರೆದಳು. ಮಂಗಳಾ ಕಾಲು ತೊಳೆದು ಜಗಲಿ ಹತ್ತಿದಳು. ಒಳಗೆ ತಂಪು ಕತ್ತಲೆ, ಸಾರಿಸಿದ ನೆಲ, ಸುಣ್ಣ ಬಳಿದ ಗೋಡೆ. ಅವಳು ಬಲಗಾಲು ಎತ್ತಿದಳು.

ಒಳಗಿನಿಂದ ಮುದ್ದಯ್ಯನ ಗಟ್ಟಿ ದನಿ ಕೇಳಿಸಿತು:

"ಆಳಾಗಿ ಮಂಗಳಮ್ಮ ನಮ್ಮನೆ ಒಸ್ಲು ತುಳಿಯೋದು ಬ್ಯಾಡ ಕಣವ್ವ."

ಎತ್ತಿದ ಕಾಲು ಹಾಗೇ ನಿಂತಿತು.

*ಹಾಳಾಗಿ...*

ಎಷ್ಟು ಊರುಗಳಲ್ಲಿ ಕೇಳಿದ್ದಳು ಆ ಮಾತನ್ನು. ನಾಟಕದವಳು, ಹಾಳಾದವಳು. ಬಾವಿಕಟ್ಟೆಯಲ್ಲಿ, ಛತ್ರದ ಬಾಗಿಲಲ್ಲಿ... ಕೇಳಿ ಕೇಳಿ ಕಿವಿ ದಡ್ಡುಗಟ್ಟಿದೆ ಅಂದುಕೊಂಡಿದ್ದಳು. ಆದರೆ ಇವರ ಬಾಯಲ್ಲೂ?

ಅವಳು ಕಾಲನ್ನು ಹಿಂದಕ್ಕೆ ತೆಗೆದುಕೊಂಡಳು. ತಲೆನೋವೆಂದು ಹೇಳಿ, ಉಣ್ಣದೆಯೇ ಬಿಡಾರಕ್ಕೆ ಹೊರಟುಹೋದಳು.

ಅಲ್ಲಿಂದ ಕಂಪನಿ ಮಂಡ್ಯಕ್ಕೆ ಬಂತು. ಮಂಗಳಾ ಮುದ್ದಯ್ಯನ ಜೊತೆ ಪಾತ್ರದ ಮಾತು ಬಿಟ್ಟು ಬೇರೆ ಮಾತಾಡಲಿಲ್ಲ. ಅವನು ತಂದ ಬೆಲ್ಲ ಇಟ್ಟಲ್ಲೇ ಇರುವೆ ಮುತ್ತಿತು.

"ಏನು ತಪ್ಪು ಮಾಡ್ದೆ ಅಂತಾನಾದ್ರೂ ಯೇಳಿ," ಅಂದ ಅವನು.

"ಏನಿಲ್ಲ. ದಣಿವು."

ಸುಳ್ಳೇನಲ್ಲ. ಮೈಸೂರಿನವರಿಗೆ ಬರುತ್ತೇನೆಂದು ತಿಳಿಸಿಬಿಡಿ ಅಂತ ಸಾಹೇಬರಿಗೆ ಹೇಳಿದಳು. ಅವರು ಅವಳ ಮುಖವನ್ನೇ ನೋಡಿದರು. "ಮನಸ್ಸಿಂದ ಹೇಳ್ತಾ ಇದೀಯಾ ಬೇಟಿ?"

"ಮನಸ್ಸು ಸಾಕಾಗಿದೆ ಸಾಹೇಬರೇ."

ಮಂಡ್ಯದ ಕೊನೆಯ ಆಟದ ಸಂಜೆ ಗಾಳಿ ಸತ್ತಂತೆ ನಿಂತಿತ್ತು. ಪಡುವಣದಲ್ಲಿ ಮೋಡ ಕಟ್ಟುತ್ತಿತ್ತು. ಕಾಡಿನಲ್ಲಿ ಬಿದ್ದಿರುವ ರಾಣಿ, ಹುಡುಕಿ ಬಂದ ರಾಜ. ಮುದ್ದಯ್ಯ ಅವಳ ಎದುರು ಬಂದು ನಿಂತ. ಇನ್ನೇನು ಆ ಮಾತು ಹೇಳಬೇಕು...

ದಪ್ಪನೆಯ ಹನಿ ಬಿತ್ತು. ಇನ್ನೊಂದು. ಆಮೇಲೆ ಒಮ್ಮೆಗೇ ಭರಣಿ ಮಳೆ.

ದೀಪ ಚಟಪಟಿಸಿ ಆರಿತು. ಜನ ಚಾಪೆ ತಲೆಗೇರಿಸಿಕೊಂಡು ಓಡಿದರು. ಸಾಹೇಬರು ಹಾರ್ಮೋನಿಯಂ ತಬ್ಬಿಕೊಂಡು ಗಾಡಿಯ ಕಮಾನಿನಡಿ ಸೇರಿದರು. ಉಳಿದ ಸಂಜೆಬೆಳಕಿನಲ್ಲಿ ಬಯಲು ಖಾಲಿ. ಬೇಸಿಗೆ ಮುಗಿಯಿತು. ಕಂಪನಿ ಮುಗಿಯಿತು.

ಮುದ್ದಯ್ಯ ಮಾತ್ರ ಕದಲಲಿಲ್ಲ. ಬಣ್ಣ ಕರಗಿ ಕೊರಳಿಗೆ ಇಳಿಯುತ್ತಿತ್ತು.

"ಅರಸೀ... ನಿನ್ನ ಅರಸಿ ಬಂದೆ."

ಸ್ಪಷ್ಟವಾಗಿತ್ತು. 'ಹ' ಇರಲಿಲ್ಲ.

ಮಂಗಳಾಗೆ ತಡೆಯಲಾಗಲಿಲ್ಲ. "ಯಾರಿಗೆ ಹೇಳ್ತಿದೀರ? ಕೇಳೋಕೆ ಜನ ಇಲ್ಲ, ಆಟ ಮುಗೀತು. ಹಾಳಾದವಳು ಹೊಸ್ತಿಲು ತುಳಿಯಬಾರದು ಅಂತ ನಿಮ್ಮ ತಾಯಿಗೆ ಹೇಳಿದ್ದು ನೀವೇ ಅಲ್ವಾ? ನಾನು ಬಾಗಿಲಲ್ಲೇ ಇದ್ದೆ."

ಮುದ್ದಯ್ಯ ಕಣ್ಣು ಪಿಳಿಪಿಳಿ ಬಿಟ್ಟ. ಮಳೆ ಸುರಿಯುತ್ತಲೇ ಇತ್ತು.

"ಆಳಾಗಿ ಅಂದೆ..." ಅಂದ ಮೆಲ್ಲಗೆ. "ಆಳು ಕಣಮ್ಮ, ಆಳು. ಕಳೆ ಕೀಳೋ ಆಳು, ಮುಸ್ರೆ ತಿಕ್ಕೋ ಆಳು. 'ಆ ಉಡ್ಗೀಗೆ ಯಾರೂ ಇಲ್ವಂತೆ, ಕೆಲ್ಸಕ್ಕೆ ಇಟ್ಕೊಳ್ಳವಾ' ಅಂದ್ಲು ನಮ್ಮವ್ವ. ಆಳಾಗಿ ಬರೋದು ಬ್ಯಾಡ, ಬಂದ್ರೆ ಈ ಮನೆ ಸೊಸೆಯಾಗಿ ಬರ್ಲಿ ಅಂದೆ. ಅಷ್ಟ್ರಲ್ಲಿ ನೀವು ಒಂಟೋಗಿದ್ರಿ."

ಮಂಗಳಾ ತೊದಲಿದಳು. "ಆದ್ರೆ... ನೀವು 'ಹ' ನುಂಗ್ತೀರಲ್ಲ..."

"ನುಂಗ್ತೀನಿ. ಅದ್ಕೇ ನೀವು ಇಲ್ದೇ ಇರೋ ಕಡೆ ಒಂದು ಸೇರಿಸ್ಕೊಂಡ್ರಿ." ಅವನ ತುಟಿ ನಗುವುದಕ್ಕೂ ಅಳುವುದಕ್ಕೂ ನಡುವೆ ಅದುರಿತು. "ಬ್ಯಾಸಿಗೆಯೆಲ್ಲ ನಾನು ಬಾಯಲ್ಲಿ ಆಕ್ದೆ. ನೀವು ಕಿವೀಲಿ ಆಕ್ಕೊಂಡ್ರಿ."

ಅವಳ ಕಣ್ಣಿಂದ ಇಳಿದದ್ದು ಮಳೆಯೋ ಏನೋ, ದೇವರಿಗೇ ಗೊತ್ತು.

"ಲೇ ಮುದ್ದ!"

ಇಬ್ಬರೂ ತಿರುಗಿದರು. ಖಾಲಿ ಬಯಲಿನ ನಡುವೆ ಗೋಣಿಚೀಲ ಹೊದ್ದು ಬೆಟ್ಟಮ್ಮ ಒಬ್ಬಳೇ ಕೂತಿದ್ದಳು. ಎದ್ದು ಕೆಸರು ತುಳಿಯುತ್ತ ಬಂದಳು.

"ಆಟದೋಳು ಮನೆ ನಡೆಸ್ತಾಳಾ ಅಂತ ನಾನು ಒಪ್ಪಿರ್ನಿಲ್ಲ ಕಣವ್ವ. ಇವತ್ತು ನಿನ್ ಪದ ಕೇಳವಾ ಅಂತ್ಲೇ ಬಂದೆ. ಕೇಳಿದ್ಮೇಲೆ ಬ್ಯಾಡ ಅನ್ನಕ್ಕಾಗ್ನಿಲ್ಲ." ಗೋಣಿಚೀಲ ತೆಗೆದು ಮಂಗಳಾಳ ತಲೆಗೆ ಹೊದಿಸಿದಳು. "ನಮ್ಮನೇಲಿ ದಿನಾ ಸಂಜೆ ದೀಪ ಅಚ್ಚಿ ಪದ ಓದಿಸ್ತೀನಿ. ಓದೋ ಮುದುಕಪ್ಪಂಗೆ ಉಸ್ರು ಸಾಲ್ದು. ನೀನು ಯೇಳಿಯಂತೆ, ಮೆತ್ತಗೆ. ಗ್ವಾಡೆ ಐತೆ, ಕೂಗ್ಬೇಕಾಗಿಲ್ಲ."

ಗೋಡೆ ಇದೆ... ಮಂಗಳಾ ಕಣ್ಣು ಮುಚ್ಚಿ ಕೈ ಮುಗಿದಳು. ದಿನಾ ದೀಪದ ಮುಂದೆ ಬೇಡಿದ್ದನ್ನು ಯಾರೋ ಕೇಳಿಸಿಕೊಂಡಿದ್ದರು.

"ಮೈಸೂರಿಗೆ ಬರಲ್ಲ ಅಂತ ನಾನೇ ತಿಳಿಸ್ತೀನಿ," ಸಾಹೇಬರು ಕಮಾನಿನೊಳಗಿಂದ ಕೂಗಿದರು. "ಮೊದಲು ಎಲ್ಲರೂ ಒಳಗೆ ಬನ್ನಿ. ನೆಗಡಿ ಆದ್ರೆ ಮದುವೇಲಿ ಯಾರು ಹಾಡೋರು?"

ಬೆಟ್ಟಮ್ಮ ಮುಂದೆ ನಡೆದಳು. ಮುದ್ದಯ್ಯ ತನ್ನ ಗಾಡಿಯ ಹತ್ತಿರ ಹೋಗಿ ಕೈ ಚಾಚಿದ. ಅವಳ ಮುಖ ನೋಡಿದ. ಉಸಿರು ಮೇಲಕ್ಕೆ ಬಂತು.

"ಹ... ಹರಸೀ, ಅತ್ಕೋ."

ಅಂದವನೇ ನಾಲಿಗೆ ಕಚ್ಚಿಕೊಂಡ. "ಅಲ್ಲಿ 'ಹ' ಇಲ್ಲ, ಅಲ್ವಾ?"

ಮಂಗಳಾ ಆ ಗೀರುಬಿದ್ದ ತೋಳನ್ನು ಹಿಡಿದುಕೊಂಡಳು.

"ಇರ್ಲಿ ಬುಡಿ," ಅಂದಳು.