ಎಡಗಡೆ ನಿಂತವಳು

"ಕೈ ತೆಗೀರಿ ಮೊದಲು!"

ಟೀಚರ್ ಕೂಗಿದ ರಭಸಕ್ಕೆ ಸಾಲಿನಲ್ಲಿ ನಿಂತಿದ್ದ ಎರಡನೇ ತರಗತಿಯ ಮಕ್ಕಳೆಲ್ಲ ಗಪ್‌ಚುಪ್.

ಶಾಲೆಗೆ ಕಣ್ಣು ತಪಾಸಣೆಗೆಂದು ಬಂದಿದ್ದ ಡಾಕ್ಟರ್, ಕಣ್ಣು ಮುಚ್ಚುವ ಕಪ್ಪು ಬಿಲ್ಲೆ ಹಿಡಿದು ಹಾಗೇ ನಿಂತುಬಿಟ್ಟ. ಎದುರಿನ ಸ್ಟೂಲಿನ ಮೇಲೆ ಮಿಡತೆ ಚೀರುತ್ತಿದ್ದಳು. ಕೂತಲ್ಲಿ ಕೂರದ ಆ ಹುಡುಗಿಗೆ ಅಜ್ಜಿ ಇಟ್ಟ ಅಡ್ಡಹೆಸರು ಅದು. ಟೀಚರಿಗೆ ಅವಳು ತೀರಿಹೋದ ಅಕ್ಕನ ಮಗಳು. ಮೈಯೆಲ್ಲ ಕಣ್ಣಾಗಿ ಸಾಕಿದ ಮಗು!

"ಏನ್ ಮಾಡಿದ್ರಿ ಇವಳಿಗೆ? ಕಣ್ಣಿಗೆ ಚುಚ್ಚಿದ್ರಾ?"

"ಚುಚ್ಚಲಿಲ್ಲ ಮೇಡಂ, ಮುಚ್ಚಿದೆ."

"ಮುಚ್ಚಿದ್ರೆ ಯಾರಾದ್ರೂ ಹೀಗೆ ಚೀರ್ತಾರಾ?"

"ಚೀರ್ತಾರೆ..." ಅವನ ದನಿ ತಗ್ಗಿತು. "ಇನ್ನೊಂದು ಕಣ್ಣು ಕಾಣದಿದ್ರೆ."

ಅವಳು ನಗಲು ಹೋದಳು, ಆಗಲಿಲ್ಲ.

ಅವನು ಮಿಡತೆಯ ಎಡಗಣ್ಣು ಮುಚ್ಚಿದ. ಗೋಡೆಗೆ ಅಂಟಿಸಿದ್ದ ಹಾಳೆಯ ಕೊನೆಯ ಸಾಲಿನವರೆಗೂ ಅವಳು ಪಟಪಟನೆ ಓದಿದಳು. ಆಮೇಲೆ ಮೆಲ್ಲಗೆ ಬಲಗಣ್ಣು ಮುಚ್ಚಿದ.

"ಚಿಕ್ಕಮ್ಮಾ... ಅಕ್ಷರ ಎಲ್ಲ ಯಾರು ಅಳಿಸಿದ್ರು?"

ಟೀಚರ್ ಗೋಡೆಯತ್ತ ತಿರುಗಿದಳು. ಹಾಳೆ ಅಲ್ಲೇ ಇತ್ತು. ಅಂಗೈಯಗಲದ ಅಕ್ಷರಗಳು ಅಲ್ಲೇ ಇದ್ದವು!

"ಓದುವಾಗ ತಲೆ ಓರೆ ಮಾಡ್ತಾಳಾ? ಲೋಟಕ್ಕೆ ನೀರು ಸುರಿದ್ರೆ ಹೊರಗೆ ಚೆಲ್ತಾಳಾ? ಮೆಟ್ಟಿಲು ಇಳಿಯುವಾಗ ತಡವರಿಸ್ತಾಳಾ?"

ಹೌದು... ಹೌದು... ಹೌದು. 'ಕಣ್ಣು ಎಲ್ಲಿಟ್ಟಿದ್ದೀಯೆ?' ಎಂದು ಪ್ರತಿ ಸಲ ತಾನೇ ಗದರಿದ್ದಳಲ್ಲ!

"ಇಷ್ಟು ವರ್ಷ ಮನೇಲಿ ಯಾರೂ ಗಮನಿಸಲೇ ಇಲ್ವಾ?"

ಆ ಒಂದು ಮಾತು ಅವಳಿಗೆ ಚುರುಕ್ ಎಂದು ತಾಗಿತು.

ಆದರೂ ಮರುವಾರ ಅವನ ಆಸ್ಪತ್ರೆಗೇ ಹೋದಳು. ಮಿಡತೆಗೆ ಕನ್ನಡಕ ಬಂತು, ಜತೆಗೆ ಕಣ್ಣಿಗೆ ಅಂಟಿಸುವ ಪಟ್ಟಿಗಳ ಪೊಟ್ಟಣ.

"ಬಲಗಣ್ಣಿಗೆ ಹಾಕಿ. ದಿನಾ ಎರಡು ಗಂಟೆ. ಹೊರಗೆ ಕೂತಿರಿ, ಬಂದು ವಿವರವಾಗಿ ಹೇಳ್ತೀನಿ," ಎಂದ.

ಅವತ್ತು ಶಾಲೆಯಲ್ಲಿ ಎಲ್ಲರೆದುರು ಕೂಗಾಡಿದ್ದು ಅವಳನ್ನು ಕೊರೆಯುತ್ತಿತ್ತು. ಎರಡು ಲೋಟ ಟೀ ತಂದಳು. ಅವನು ಆಗಲೇ ಬೆಂಚಿನ ಮೇಲೆ ಕೂತಿದ್ದ. ಅವಳು ಅವನ ಎಡಗಡೆ ನಿಂತು, ಟೀ ಚಾಚಿ, ಮುಗುಳ್ನಕ್ಕಳು. 'ಸಾರಿ' ನಾಲಿಗೆಯ ತುದಿಯಲ್ಲೇ ಇತ್ತು.

ಅವನು ತಿರುಗಿಯೂ ನೋಡದೆ ಎದ್ದು ಹೋಗಿಬಿಟ್ಟ!

'ಅಬ್ಬಾ, ಎಂಥಾ ಸೊಕ್ಕು! ಇವನ ವಿವರ ಯಾರಿಗೆ ಬೇಕು?' ಮಗುವಿನ ಕೈ ಹಿಡಿದು ದಡದಡ ಇಳಿದು ಬಂದಳು.

ಮನೆಯಲ್ಲಿ ಪಟ್ಟಿ ಬಿಚ್ಚಿದಾಗ ಅನುಮಾನ ಶುರುವಾಯಿತು. ಕಾಣುವ ಕಣ್ಣಿಗೆ ಪಟ್ಟಿಯಾ? ಗಾಯ ಆದ ಕಾಲು ಬಿಟ್ಟು ಚೆನ್ನಾಗಿರೋ ಕಾಲಿಗೆ ಯಾರಾದರೂ ಬಟ್ಟೆ ಕಟ್ಟುತ್ತಾರಾ? ತಟ್ಟನೆ ಹೊಳೆಯಿತು... ಡ್ರಿಲ್ ಮಾಡಿಸುವಾಗ ತಾನೂ 'ಬಲಗೈ' ಎಂದು ಎಡಗೈಯನ್ನೇ ಎತ್ತುತ್ತಾಳೆ, ಎದುರು ನಿಂತ ಮಕ್ಕಳಿಗೆ ಗೊಂದಲ ಆಗದಿರಲಿ ಎಂದು. ಅವನೂ ಎದುರು ನಿಂತೇ ಹೇಳಿದ್ದು. ಅವನ ಬಲ ಎಂದರೆ ಮಗುವಿನ ಎಡ!

ಪಟ್ಟಿ ಎಡಗಣ್ಣಿಗೆ ಬಿತ್ತು.

ಎರಡು ತಿಂಗಳ ಮೇಲೆ ಅವಳು ತಲೆ ಎತ್ತಿಕೊಂಡೇ ಅವನ ಕೋಣೆಗೆ ಹೋದಳು. ಒಂದು ದಿನವೂ ತಪ್ಪಿಸಿರಲಿಲ್ಲವಲ್ಲ.

"ಪಟ್ಟಿ ಹಾಕಿದ್ರೆ ತುಂಬಾ ಅಳ್ತಾಳಾ?"

"ಒಂದು ದಿನಾನೂ ಅತ್ತಿಲ್ಲ!"

ಅವನ ಮುಖ ಬಿಳುಚಿಕೊಂಡಿತು.

"ಅಳಲೇ ಇಲ್ವಾ...? ಹೇಗೆ ಹಾಕ್ತೀರಿ, ತೋರಿಸಿ."

ಅವಳು ತೋರಿಸಿದಳು. ಅವನು ಕುರ್ಚಿಯಲ್ಲಿ ಕುಸಿದು ಕೂತ.

"ಮೇಡಂ... ಇವಳ ಮೆದುಳು ಇಷ್ಟು ದಿನ ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣ ಅಂತಿತ್ತು. ಬೆಣ್ಣೆ ತಿನ್ನೋ ಕಣ್ಣು ಮುಚ್ಚಿದ್ರೆ ತಾನೇ ಇನ್ನೊಂದು ಕೆಲಸ ಕಲಿಯೋದು? ನೀವು... ಇರೋ ಸುಣ್ಣಕ್ಕೆ ಇನ್ನಷ್ಟು ಸುಣ್ಣ ಬಳಿದಿದ್ದೀರಿ."

ಅವಳು ತನ್ನ ಕೈ ನೋಡಿಕೊಂಡಳು. ಈ ಕೈ... ಈ ಕೈಯಾರೆ!

"ಕಣ್ಣು ಹೋಯ್ತಾ? ಹೇಳಿ... ನನ್ನ ಅಕ್ಕನ ಮಗುವಿನ ಕಣ್ಣು ಹೋಯ್ತಾ?"

"ಇಲ್ಲ. ಚಿಕ್ಕವಳು, ಇನ್ನೂ ಕಾಲ ಮಿಂಚಿಲ್ಲ. ಆದ್ರೆ ವಿವರ ಕೇಳದೆ ಯಾಕೆ ಹೋದ್ರಿ?"

"ನೀವು ತಾನೇ ಮುಖ ತಿರುಗಿಸಿ ಹೋಗಿದ್ದು!" ಅವಳ ಅಳು ಕಟ್ಟೆಯೊಡೆಯಿತು. "ಟೀ ಹಿಡ್ಕೊಂಡು ನಿಂತಿದ್ದೆ... ನಕ್ಕೆ ಕೂಡ!"

"ಯಾವ ಕಡೆ ನಿಂತಿದ್ರಿ?"

"ಇದೆಂಥಾ ಪ್ರಶ್ನೆ? ಎಡಗಡೆ!"

ಅವನು ಕಪ್ಪು ಬಿಲ್ಲೆ ತೆಗೆದು ತನ್ನದೇ ಬಲಗಣ್ಣಿಗೆ ಹಿಡಿದ.

"ಈಗ ನನ್ನೆದುರು ಯಾರೋ ಇದ್ದಾರೆ ಅಂತ ಗೊತ್ತಾಗತ್ತೆ. ಯಾರು ಅಂತ ಗೊತ್ತಾಗಲ್ಲ. ನನಗೂ ಇವಳಂಥದೇ ಕಣ್ಣು, ಮೇಡಂ. ಮೀಸೆ ಬರೋವರೆಗೂ ಯಾರೂ ನೋಡಲಿಲ್ಲ. ಆಮೇಲೆ ಏನ್ ಮಾಡಿದ್ರೂ ಕಾಣಲಿಲ್ಲ. ಆವತ್ತು ನಿಮ್ಮನ್ನೇ ಹುಡುಕ್ತಾ ಎದ್ದಿದ್ದು ನಾನು."

ಎರಡು ತಿಂಗಳು ಅವಳು ಸೊಕ್ಕು ಎಂದು ಶಪಿಸಿದ್ದು... ಇದನ್ನೇ!

ಅಂದಿನಿಂದ ಪಟ್ಟಿ ಬಲಗಣ್ಣಿಗೆ. ಮಿಡತೆ ಸೂರು ಹಾರಿಹೋಗುವಂತೆ ಅತ್ತಳು. ಪ್ರತಿ ಭಾನುವಾರ ಡಾಕ್ಟರ್ ಬಂದು, ಎಡಗಣ್ಣಿಗೆ ಅಭ್ಯಾಸವಾಗಲಿ ಎಂದು ಅವಳೊಂದಿಗೆ ಮಣಿ ಪೋಣಿಸಲು ಕೂರತೊಡಗಿದ. ಮಣಿ ಪೋಣಿಸಲು ಭಾನುವಾರವೊಂದೇ ಸಾಲದು ಎಂದು ಅವನೇ ತೀರ್ಮಾನಿಸಿಕೊಂಡಾಗ, ಅಜ್ಜಿ ಕಂಡೂ ಕಾಣದಂತೆ ಒಳಗೆ ಹೋದರು.

ಬೇಸಿಗೆ ರಜೆ ಮುಗಿಯುವ ಹೊತ್ತಿಗೆ ಅವನು ಆಸ್ಪತ್ರೆಯಲ್ಲಿ ಮತ್ತೆ ಬಲಗಣ್ಣು ಮುಚ್ಚಿದ.

ಮಿಡತೆ ಚೀರಲಿಲ್ಲ. ಒಂದು ಸಾಲು ಓದಿದಳು... ಎರಡು... ತಡವರಿಸುತ್ತಾ ಮೂರನೆಯದೂ!

"ಚಿಕ್ಕಮ್ಮಾ, ಯಾರೋ ಮತ್ತೆ ಬರೆದಿದ್ದಾರೆ!"

ಅವಳು ಮಗುವನ್ನು ಬಾಚಿ ತಬ್ಬಿ ಬಿಕ್ಕಿದಳು. ಹೊರಗೆ ಬಂದಾಗ ಅದೇ ಬೆಂಚು ಖಾಲಿ ಇತ್ತು. ಈ ಸಲ ಟೀ ತಂದವನು ಅವನು. ಅವಳು ನೆನಪಿಟ್ಟುಕೊಂಡು ಅವನ ಬಲಗಡೆಗೆ ಸರಿದಳು.

"ಅಲ್ಲಿ ಬೇಡ. ಎಡಗಡೆ ಕೂತ್ಕೊಳ್ಳಿ."

"ಆ ಕಡೆ ನಾನು ಕಾಣಲ್ಲವಲ್ಲ ನಿಮಗೆ?"

"ಅದಕ್ಕೇ. ಕಾಣದ ಕಡೆ ನಂಬಿಕೆಯವರೇ ಇರ್ಬೇಕು..." ಅವನು ಲೋಟವನ್ನು ಬೆಂಚಿನ ಮೇಲಿಟ್ಟ. "ಜೀವನಪೂರ್ತಿ ಇರ್ತೀರಾ?"

ಅವಳು ಎಡಗಡೆಗೆ ಬಂದು ಅವನಿಗೆ ಒತ್ತಿ ಕೂತಳು.

"ಇರ್ತೀನಿ. ಆದ್ರೆ ನಾನು ನಕ್ಕಾಗ?"

ಅವನು ಪೂರ್ತಿ ಅವಳತ್ತ ತಿರುಗಿದ.

"ತಿರುಗಿ ನೋಡ್ತೀನಿ."