ಪಟ್ಟಿಯಲ್ಲಿ ಸತ್ತಿದ್ದ ಪ್ರಾಣಿ

ಮಂಗಳವಾರ ಬೆಳಿಗ್ಗೆ 9.40ಕ್ಕೆ ಠಾಣೆಗೆ ಬಂದ ಸಂಶೋಧಕಿ ಊಟದ ಡಬ್ಬಿಯೊಂದನ್ನು ರೈಟರ್ ಮೇಜಿನ ಮೇಲಿಟ್ಟು ಮುಚ್ಚಳ ತೆಗೆದಳು. ಒಳಗೆ ಹತ್ತಿಯ ಮೇಲೆ ಐದು ಪುಟ್ಟ ಪ್ರಾಣಿಗಳು ಸತ್ತು ಮಲಗಿದ್ದವು. ಮೈ ಹೆಬ್ಬೆರಳಿನಷ್ಟು, ಮೂತಿಯೇ ಅದರ ಅರ್ಧದಷ್ಟು ಉದ್ದ.

"ಇಲಿ ಸತ್ತಿದ್ದಕ್ಕೂ ಕಂಪ್ಲೇಂಟಾ?" ರೈಟರ್ ಪೆನ್ನು ಕೂಡ ಎತ್ತಿಕೊಳ್ಳಲಿಲ್ಲ. "ನಮ್ಮನೇಲೂ ಬೇಕಾದಷ್ಟಿವೆ, ಹಿಡ್ಕೊಂಡು ಹೋಗಮ್ಮ."

"ಇಲಿ ಅಲ್ಲ ಸಾರ್, ಉದ್ದಮೂತಿ. ಕೋಟಿಗಟ್ಟಲೆ ವರ್ಷದ ಹಿಂದೆ ಕವಲೊಡೆದ ವಂಶ. ದಾಯಾದಿಗಳೆಲ್ಲ ಎಂದೋ ಮುಗಿದುಹೋಗಿ ಇದೊಂದೇ ಮನೆ ಉಳಿದಿತ್ತು. ಅದಕ್ಕೂ ಯಾರೋ ವಿಷ ಹಾಕಿದ್ದಾರೆ."

ಮಾತು ಕೇಳಿಸಿಕೊಂಡು ಇನ್ಸ್‌ಪೆಕ್ಟರ್ ಮೇಡಂ ಒಳಗಿನಿಂದ ಎದ್ದು ಬಂದರು. ರೈಟರ್ ಅಷ್ಟರಲ್ಲಿ ವನ್ಯಜೀವಿ ಕಾಯ್ದೆಯ ಪುಟ ತಿರುವಿದ್ದರು.

"ನೋಡಿ ಮೇಡಂ, ಪಟ್ಟೀಲಿ ಇದರ ಮುಂದೆ 'ಅಳಿದ ಪ್ರಭೇದ' ಅಂತಿದೆ. ಹತ್ತೊಂಬತ್ತು ವರ್ಷದ ಹಿಂದೇನೇ ರಕ್ಷಣೆ ತೆಗೆದಿದ್ದಾರೆ. ಕಾನೂನಿನ ಕಣ್ಣಿಗೆ ಇದು ಆಗಲೇ ಸತ್ತಿದೆ. ಸತ್ತಿದ್ದನ್ನ ಇನ್ನೊಂದ್ಸಲ ಸಾಯಿಸಿದ್ರೆ ಯಾವ ಸೆಕ್ಷನ್ ಹಾಕೋದು?"

"ಬದುಕಿದೆ ಅಂತ ಮೂರು ತಿಂಗಳ ಹಿಂದೇನೇ ಫೋಟೊ ಸಮೇತ ವರದಿ ಕೊಟ್ಟಿದೀನಿ. ಸಮಿತಿ ಇನ್ನೂ ಸಭೆ ಸೇರಿಲ್ಲ," ಎಂದಳು ಸಂಶೋಧಕಿ.

ಇನ್ಸ್‌ಪೆಕ್ಟರ್‌ಗೆ ಮೈಯೆಲ್ಲ ಉರಿಯಿತು. ಸಭೆ ಸೇರಲು ಪುರುಸೊತ್ತಿಲ್ಲದವರು, ಸಾಯಿಸಿದವನಿಗೆ ರಹದಾರಿ ಕೊಟ್ಟು ಕೂತಿದ್ದರು.

"ಎಲ್ಲಿ ಸಿಕ್ಕಿದ್ದು?"

"ನೀರು ಶುದ್ಧೀಕರಣ ಘಟಕದ ಹಿಂದಿನ ಜೌಗಲ್ಲಿ."

"ಆ ಜೌಗಿನ ನೀರು ಎಲ್ಲಿಗೆ ಹೋಗುತ್ತೆ?"

"ಊರಿನ ಟ್ಯಾಂಕಿಗೇ."

"ಬರ್ಕೊಳ್ರೀ. ಜನ ಕುಡಿಯೋ ನೀರಿನ ಮೂಲಕ್ಕೆ ವಿಷ. ಅದಕ್ಕಾದ್ರೂ ಸೆಕ್ಷನ್ ಇದೆ ತಾನೇ?"

10.15ಕ್ಕೆ FIR ದಾಖಲಾಯಿತು.

11.30ಕ್ಕೆ ಘಟಕದ ಇಬ್ಬರು ನೌಕರರನ್ನು ಪಂಚರನ್ನಾಗಿ ಕರೆದುಕೊಂಡು ಜೌಗಿನಲ್ಲಿ ಪಂಚನಾಮೆ ಆರಂಭವಾಯಿತು. ಚುರುಕು ಕಣ್ಣಿನಿಂದಾಗಿ ಠಾಣೆಯಲ್ಲಿ ಹದ್ದು ಎಂದೇ ಹೆಸರಾಗಿದ್ದ ಕಾನ್‌ಸ್ಟೇಬಲ್ ಮೊಣಕಾಲುದ್ದ ಕೆಸರಿನಲ್ಲಿ ಬಗ್ಗಿ ಬಗ್ಗಿ ಹದಿನಾಲ್ಕು ವಿಷದ ಉಂಡೆಗಳನ್ನು ಹುಡುಕಿ ತೆಗೆದ. ಎಲ್ಲವೂ ಬಿಲದ ಬಾಯಲ್ಲೇ ಇದ್ದವು.

"ಅಂಗಡೀಲಿ ಸಿಗೋ ಇಲಿಪಾಷಾಣ ಅಲ್ಲ ಮೇಡಂ. ಎರೆಹುಳು ಅರೆದು ಕಟ್ಟಿದ್ದಾರೆ."

"ಉದ್ದಮೂತಿ ಹುಳ ಬಿಟ್ಟು ಬೇರೇನೂ ತಿನ್ನಲ್ಲ," ಸಂಶೋಧಕಿ ಹೇಳಿದಳು. "ಕಾಳು ಹಾಕಿದ್ರೆ ಮೂಸಿಯೂ ನೋಡಲ್ಲ."

ಅಂದರೆ ಅದರ ಹಸಿವನ್ನು ಬಲ್ಲವನ ಕೆಲಸ. ಮರಕ್ಕೆ ಕಟ್ಟಿದ್ದ ಎರಡು ಕ್ಯಾಮೆರಾಗಳೂ ಅಲ್ಲೇ ಇದ್ದವು. ಒಳಗಿನ ಮೆಮೊರಿ ಕಾರ್ಡುಗಳು ಮಾತ್ರ ಇರಲಿಲ್ಲ.

"ಈ ಜಾಗ ಯಾರ್‍ಯಾರಿಗೆ ಗೊತ್ತು?"

"ನನಗೆ, ನಮ್ಮ ವಿಭಾಗ ಜೌಗಿಗೆ ಇಟ್ಟಿರೋ ಕಾವಲುಗಾರ ಅಜ್ಜನಿಗೆ, ನನ್ನ ಗೈಡ್ ಪ್ರೊಫೆಸರ್‌ಗೆ. ಅಷ್ಟೇ, ವರದೀಲೂ ಜಾಗ ಬರೆದಿಲ್ಲ. ಶನಿವಾರ ಸಂಜೆ ನಾನು ಹೊರಡೋವಾಗ ಎಲ್ಲಾ ಸರಿಯಾಗೇ ಇತ್ತು."

ಎರಡು ಗಂಟೆಗೆ ಠಾಣೆಗೆ ಮರಳಿದಾಗ ರೈಟರ್ ಆ ಅಜ್ಜನನ್ನು ಕರೆಸಿ ನೆಲದ ಮೇಲೆ ಕೂರಿಸಿದ್ದರು. "ಇವನೇ ಮೇಡಂ, ಎರಡು ಬಾರಿಸಿದ್ರೆ ಬಾಯ್ಬಿಡ್ತಾನೆ."

"ಬೆಂಚು ಮುರಿದುಹೋಗಿದೆಯೇನ್ರೀ?" ಇನ್ಸ್‌ಪೆಕ್ಟರ್ ಅಜ್ಜನ ರಟ್ಟೆ ಹಿಡಿದು ಎಬ್ಬಿಸಿ ಬೆಂಚಿನ ಮೇಲೆ ಕೂರಿಸಿದರು. "ಭಾನುವಾರ ಎಲ್ಲಿದ್ರಿ ಅಜ್ಜ?"

"ಮಗಳ ಮನೇಲಿ ತಾಯಿ. ಪ್ರೊಫೆಸರ್ ಸಾಹೇಬ್ರೇ ಫೋನ್ ಮಾಡಿ, ಮೊಮ್ಮಗೂನ ನೋಡ್ಕೊಂಡು ಬಾ ಅಂತ ಎರಡು ದಿನ ರಜೆ ಕೊಟ್ರು. ಹನ್ನೊಂದು ವರ್ಷದಲ್ಲಿ ಇದೇ ಮೊದಲ್ನೇ ರಜೆ."

ಬುಧವಾರ ಬೆಳಿಗ್ಗೆ ಪ್ರೊಫೆಸರ್ ಫೋಟೊ ಜೇಬಿನಲ್ಲಿಟ್ಟುಕೊಂಡು ಹದ್ದು ಎರೆಗೊಬ್ಬರ ಮಾರುವವರ ಬಳಿ ಅಲೆದ. ಮೂರನೆಯ ಕಡೆ ಯಜಮಾನಿ ನೋಡಿದ ಕೂಡಲೇ ತಲೆಯಾಡಿಸಿದಳು.

"ಶನಿವಾರ ಬಂದಿದ್ರಪ್ಪ. ಮೀನು ಹಿಡಿಯೋಕಾ ಅಂದೆ. ಅಲ್ಲ, ಗುಲಾಬಿ ಗಿಡಕ್ಕೆ ಅಂದ್ರು. ಗಿಡಕ್ಕೆ ಗೊಬ್ಬರ ಬೇಕು ತಾನೇ? ಇವರು ಗೊಬ್ಬರ ಬಿಟ್ಟು ಬರೀ ಹುಳ ಆರಿಸ್ಕೊಂಡು ಹೋದ್ರು. ಓದಿದೋರು, ಏನೋ ಇರಬೇಕು ಅಂದ್ಕೊಂಡೆ."

ಮಧ್ಯಾಹ್ನ 3.10ಕ್ಕೆ ಇನ್ಸ್‌ಪೆಕ್ಟರ್ ಶೋಧನಾ ವಾರಂಟಿನೊಂದಿಗೆ ಪ್ರೊಫೆಸರ್ ಕೊಠಡಿಗೆ ಕಾಲಿಟ್ಟರು. ಗೋಡೆ ತುಂಬ ಪ್ರಶಸ್ತಿ ಫಲಕಗಳಿದ್ದವು.

"ಗುಲಾಬಿ ಹೇಗಿವೆ ಸರ್?"

"ಯಾವ ಗುಲಾಬಿ?"

"ಹುಳ ತಗೊಂಡು ಹೋದ್ರಲ್ಲ, ಅವು. ನಿಮ್ಮನೆ ನಾಲ್ಕನೇ ಮಹಡೀಲಿ. ಒಂದು ಕುಂಡಾನೂ ಇಲ್ಲ. ನೋಡ್ಕೊಂಡೇ ಬಂದೆ."

ಪ್ರೊಫೆಸರ್ ಕನ್ನಡಕ ತೆಗೆದು ಒರೆಸತೊಡಗಿದರು. ಹದ್ದು ಎಳೆದ ಮೂರನೆಯ ಡ್ರಾಯರಿನಲ್ಲಿ ಎರಡು ಮೆಮೊರಿ ಕಾರ್ಡುಗಳಿದ್ದವು.

"ಇವನ್ನ ಯಾಕೆ ಎಸೀಲಿಲ್ಲ?"

"ತಾಯಿ ಬೆನ್ನಿಗೆ ಅಂಟಿಕೊಂಡು ಮರಿಗಳು ಓಡಾಡೋ ಚಿತ್ರಗಳಿವೆ. ಅಂಥದ್ದನ್ನ ಈವರೆಗೆ ಯಾರೂ ನೋಡಿಲ್ಲ. ಎಸೆಯೋಕೆ ಕೈ ಬರಲಿಲ್ಲ."

"ವಿಷ ಇಡೋಕೆ ಬಂತು."

ಹದ್ದು ಕಾರ್ಡನ್ನು ಮೇಜಿನ ಮೇಲಿದ್ದ ಕಂಪ್ಯೂಟರಿಗೆ ಹಾಕಿದ. ಕಾರ್ಡಿನ ಕೊನೆಯ ಚಿತ್ರದಲ್ಲಿ ಉಂಡೆ ಹಿಡಿದ ಅವರದೇ ಕೈ ಇತ್ತು. 4.25ಕ್ಕೆ ಬಂಧನವಾಯಿತು.

ಠಾಣೆಯ ಬಾಗಿಲಲ್ಲಿ ಸಂಶೋಧಕಿ ಎದುರಾದಳು. "ಅದು ಏನು ತಿನ್ನುತ್ತೆ ಅಂತ ನನಗೆ ಹೇಳಿಕೊಟ್ಟಿದ್ದೇ ನೀವಲ್ವಾ ಸರ್?" ಪ್ರೊಫೆಸರ್ ತಲೆ ತಗ್ಗಿಸಿ ಒಳಗೆ ಹೋದರು.

"ಇನ್ನೆಷ್ಟು ಉಳಿದಿರಬಹುದಮ್ಮ?" ಇನ್ಸ್‌ಪೆಕ್ಟರ್ ಕೇಳಿದರು.

"ಗೊತ್ತಿಲ್ಲ ಮೇಡಂ. ನಿನ್ನೆಯಿಂದ ಒಂದೂ ಕಂಡಿಲ್ಲ."

ದೋಷಾರೋಪ ಪಟ್ಟಿಯ ತುಂಬ ನೀರಿನ ಮಾತೇ ಇತ್ತು. ಐದು ಉದ್ದಮೂತಿಗಳು ಅದರಲ್ಲಿ ವಿಷದ ಪರೀಕ್ಷೆಗೆ ಕಳಿಸಿದ ಮಾದರಿಗಳು ಮಾತ್ರ. ಅದಕ್ಕೆ ಸಹಿ ಹಾಕುವಾಗ ಇನ್ಸ್‌ಪೆಕ್ಟರ್ ಒತ್ತಿದ ರಭಸಕ್ಕೆ ಕಾಗದ ಹರಿಯಿತು; ಆ ಹಾಳೆಯನ್ನು ರೈಟರ್ ಮತ್ತೆ ಟೈಪ್ ಮಾಡಬೇಕಾಯಿತು.

ಪ್ರೊಫೆಸರ್ ಹೇಳಿಕೆ ಆರು ಪುಟವಾಯಿತು. ಉದ್ದಮೂತಿ ಅಳಿದಿದೆ ಎಂಬ ಹತ್ತೊಂಬತ್ತು ವರ್ಷದ ಹಿಂದಿನ ವರದಿ ಅವರದೇ. ಅದನ್ನು ನಂಬಿ ಸರ್ಕಾರ ಜೌಗಿನ ಮುಕ್ಕಾಲು ಪಾಲನ್ನು ಮಣ್ಣು ತುಂಬಿ ಮುಚ್ಚಿಸಿತ್ತು. ಅರವತ್ತು ದಿನ ಹುಡುಕಿದರೂ ಒಂದೂ ಸಿಗಲಿಲ್ಲವೆಂದು ಅವರು ವರದಿಯಲ್ಲಿ ಬರೆದಿದ್ದರು. ಹುಡುಕಿದ್ದು ನಾಲ್ಕು ದಿನ. ಐದನೆಯ ದಿನ ಜಿಗಣೆ ಕಾಟ ತಾಳಲಾರದೆ ಮನೆಗೆ ಮರಳಿ, ಉಳಿದದ್ದನ್ನು ಮೇಜಿನ ಮುಂದೆ ಕೂತು ಬರೆದು ಮುಗಿಸಿದ್ದರು. ಉದ್ದಮೂತಿ ಬದುಕಿದೆ ಎಂದಾದರೆ, ಮಿಕ್ಕ ಐವತ್ತಾರು ದಿನ ಎಲ್ಲಿದ್ದಿರಿ ಎಂದು ಯಾರಾದರೂ ಕೇಳುತ್ತಿದ್ದರು.